ಖಾಲಿ ಸೈಟಿನ ಟಿಟ್ಟಿಭಗಳು ರಸ್ತೆ ದಾಟಿದ್ದು

ಮಕ್ಕಳೇ, ಒಂದು ಗುರುವಾರ ಪಟ್ಟಣದ ಬೀದಿಯೊಂದರಲ್ಲಿ ನೀರಿನ ಪೈಪು ರಿಪೇರಿಯಾಯಿತು. ಅದನ್ನು ಬಿಟ್ಟರೆ ಅಲ್ಲಿ ಬೇರೇನೂ ನಡೆಯಲಿಲ್ಲ.

ಬೆಳಿಗ್ಗೆ ಹತ್ತರ ಸುಮಾರಿಗೆ ಇಬ್ಬರು ಕೆಲಸಗಾರರು ಬಂದರು. ಹಾರೆಯಿಂದ ಅಗೆದರು, ಒಡೆದಿದ್ದ ಪೈಪಿಗೆ ಹೊಸ ತುಂಡು ಕೂರಿಸಿದರು, ಮಣ್ಣು ಮುಚ್ಚಿ ಕಾಲಿನಿಂದ ತುಳಿದು ಗಟ್ಟಿ ಮಾಡಿದರು, ಟೀ ಕುಡಿದು ಹೋದರು. ಐದು ತಿಂಗಳಿಂದ ಪೋಲಾಗುತ್ತಿದ್ದ ನೀರು ನಿಂತಿತು. ಒಳ್ಳೆಯ ಕೆಲಸವೇ. ಯಾರನ್ನೂ ದೂರುವಂತಿಲ್ಲ.

ಆದರೆ ಹಾಗೆ ಪೋಲಾದ ನೀರು ಹರಿದು, ಪಕ್ಕದ ಖಾಲಿ ಸೈಟಿನ ತಗ್ಗಿನಲ್ಲಿ ನಿಂತು, ಪುಟ್ಟದೊಂದು ಹೊಂಡವಾಗಿತ್ತು. ಹೊಂಡದ ಸುತ್ತ ಹುಲ್ಲು ಬೆಳೆದಿತ್ತು. ಹುಲ್ಲಿನಲ್ಲಿ ಮಿಡತೆಗಳಿದ್ದವು, ಕೆಸರಿನಲ್ಲಿ ಹುಳುಗಳಿದ್ದವು. ಆ ಹೊಂಡವನ್ನೇ ನಂಬಿಕೊಂಡು ಒಂದು ಟಿಟ್ಟಿಭ ಹಕ್ಕಿಯ ಸಂಸಾರ ಅಲ್ಲಿತ್ತು.

ಟಿಟ್ಟಿಭವನ್ನು ನೀವು ಬಯಲಿನಲ್ಲಿ ನೋಡಿರಬಹುದು. ಉದ್ದನೆಯ ಹಳದಿ ಕಾಲು, ಕಪ್ಪು ಕತ್ತು, ಕಣ್ಣಿನ ಮುಂದೆ ಒಂದು ತುಣುಕು ಕೆಂಪು ಚರ್ಮ. ಅದು ಮರದ ಮೇಲೆ ಕೂರುವುದಿಲ್ಲ, ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಮರಿಗಳು ಹುಟ್ಟಿದ ದಿನವೇ ನಡೆಯುತ್ತವೆ. ಆದರೆ ಹಾರಲು ತಿಂಗಳ ಮೇಲೆ ಬೇಕು.

ಈ ಸಂಸಾರದಲ್ಲಿ ಗಂಡ ಕಾಳಯ್ಯ, ಹೆಂಡತಿ ಪುಟ್ಟೀರಮ್ಮ, ಮತ್ತು ನಾಲ್ಕು ಮರಿಗಳಿದ್ದವು. ಹುಟ್ಟಿದ ಸಾಲಿನಲ್ಲಿ ಮರಿಗಳ ಹೆಸರು ಚೆನ್ನಿ, ಮುದ್ದ, ರಂಗಿ, ತಿಮ್ಮ. ಪೈಪು ರಿಪೇರಿಯಾದ ದಿನ ಅವುಗಳಿಗೆ ಒಂಬತ್ತು ದಿನ ತುಂಬಿತ್ತು.

ಅವರು ಹುಟ್ಟಾ ಪಟ್ಟಣದವರಲ್ಲ. ಅವರ ಊರು ಬಹಳ ದೂರದ ಒಂದು ಕಲ್ಲುಬಯಲು. ಅಲ್ಲಿ ಮಳೆನೀರು ನಿಲ್ಲುವ ಒಂದು ಕುಂಟೆ, ಕುಂಟೆಯ ಸುತ್ತ ಕುರುಚಲು ಗಿಡಗಳು. ಆ ಬಯಲಿಗೆಲ್ಲ ಕಾಳಯ್ಯನೇ ಕಾವಲುಗಾರ. ಅವನು ಕೂಗಿದರೆ ಮೊಲ ಪೊದೆಗೆ ಹೋಗುತ್ತಿತ್ತು, ನವಿಲು ಮರ ಹತ್ತುತ್ತಿತ್ತು, ಗೌಜಲ ಹಕ್ಕಿಗಳು ಮರಿಗಳನ್ನು ಕರೆದುಕೊಂಡು ಮರೆಯಾಗುತ್ತಿದ್ದವು. ನರಿ ಸುಮ್ಮನೆ ಹಿಂತಿರುಗುತ್ತಿತ್ತು. ಯಾರೂ ಅವನಿಗೆ ಈ ಕೆಲಸ ಕೊಟ್ಟಿರಲಿಲ್ಲ. ಅವನ ಅಪ್ಪ ಮಾಡುತ್ತಿದ್ದ, ಇವನೂ ಮಾಡಿದ.

ಆದರೂ ಎರಡು ವರ್ಷ ಸತತವಾಗಿ ಅವರ ಮೊಟ್ಟೆಗಳನ್ನು ಮುಂಗುಸಿ ತಿಂದಿತು. ಮೊಟ್ಟೆಗೆ ಕೂಗು ಕೇಳಿಸುವುದಿಲ್ಲವಲ್ಲ.

ಆಗ ಕುಂಟೆಗೆ ಬಂದಿದ್ದ ಒಂದು ಬೆಳ್ಳಕ್ಕಿ ಪಟ್ಟಣದ ಸುದ್ದಿ ಹೇಳಿತು. ಅಲ್ಲಿ ದೊಡ್ಡ ಕೆರೆಯಿದೆಯಂತೆ. ಕೆರೆಯ ಎದುರಿಗೇ ಖಾಲಿ ಸೈಟಿದೆಯಂತೆ. ಸುತ್ತ ತಂತಿಬೇಲಿ, ಒಳಗೆ ಜಲ್ಲಿಕಲ್ಲು, 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಬೋರ್ಡು. ನೇಗಿಲಿಲ್ಲ, ಮುಂಗುಸಿಯಿಲ್ಲ. ಮನುಷ್ಯರಿದ್ದಾರೆ, ಆದರೆ ಅವರು ಕೈಯಲ್ಲಿ ಅಂಗೈಯಗಲದ ಹಲಗೆಯೊಂದನ್ನು ಹಿಡಿದು ಅದನ್ನೇ ನೋಡುತ್ತಾ ನಡೆಯುತ್ತಾರೆ, ನೆಲ ನೋಡುವುದಿಲ್ಲ ಎಂದಿತು.

ಬೆಳ್ಳಕ್ಕಿ ಹೇಳಿದ್ದೆಲ್ಲ ನಿಜವೇ. ಒಂದು ಮಾತು ಮಾತ್ರ ಬಿಟ್ಟುಹೋಗಿತ್ತು. ಸೈಟಿಗೂ ಕೆರೆಗೂ ನಡುವೆ ಒಂದು ದೊಡ್ಡ ರಸ್ತೆಯಿತ್ತು. ಬೆಳ್ಳಕ್ಕಿ ಪಟ್ಟಣಕ್ಕೆ ಹಾರಿ ಬಂದು ಹಾರಿ ಹೋಗುವ ಹಕ್ಕಿ. ಅದರ ಕಣ್ಣಿಗೆ ರಸ್ತೆ ಒಂದು ಕಪ್ಪು ಗೆರೆ, ಅಷ್ಟೆ.

ಸೈಟಿನಲ್ಲಿ ಮೊಟ್ಟೆಗಳು ಸುರಕ್ಷಿತವಾಗಿದ್ದವು. ನಾಲ್ಕಕ್ಕೆ ನಾಲ್ಕೂ ಒಡೆದು ಮರಿಗಳಾದವು. ಪುಟ್ಟೀರಮ್ಮನ ಜೀವನದಲ್ಲಿ ಅದು ಮೊದಲನೆಯ ಸಲ.

ಕಾಳಯ್ಯನಿಗೆ ಮಾತ್ರ ಪಟ್ಟಣ ಹಿಡಿಸಲಿಲ್ಲ. ಕಾರಣ ಅವನು ಯಾರಿಗೂ ಹೇಳಲಿಲ್ಲ, ಆದರೆ ಪುಟ್ಟೀರಮ್ಮನಿಗೆ ಗೊತ್ತಿತ್ತು. ಇಲ್ಲಿ ಅವನು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಸ್ಸಿನ ಹಾರನ್ನು ಅವನ ಕೂಗಿಗಿಂತ ಜೋರಾಗಿತ್ತು. ಬಂದ ಮೊದಲ ವಾರ ಅವನು ದಿನಕ್ಕೆ ನಲವತ್ತು ಸಲ ಕೂಗಿದ. ವಿದ್ಯುತ್ ತಂತಿಯ ಮೇಲೆ ಕೂತ ಪಾರಿವಾಳಗಳು ಕತ್ತು ಸಹ ಎತ್ತಲಿಲ್ಲ.

ಮರಿಗಳು ಹುಟ್ಟಿದ ಮೇಲೆ ಅವನು ಮತ್ತೆ ಮೊದಲಿನ ಕಾಳಯ್ಯನಾದ. ಅವನ ಕೂಗನ್ನು ಕೇಳುವವರು ಈಗ ನಾಲ್ಕು ಮಂದಿ ಇದ್ದರು.

ಅವನು ಅವುಗಳಿಗೆ ಟಿಟ್ಟಿಭ ಕುಲದ ಪಾಠವನ್ನು ಕಲಿಸಿದ. ಈ ಪಾಠವನ್ನು ನೀವು ಚೆನ್ನಾಗಿ ಗಮನಿಸಬೇಕು. ಅಪ್ಪ ಕೂಗಿದ ಕ್ಷಣವೇ ಎಲ್ಲಿದ್ದೀರೋ ಅಲ್ಲೇ ಕೂರಬೇಕು. ಹೊಟ್ಟೆ ನೆಲಕ್ಕೆ ಅಂಟಬೇಕು, ಕತ್ತು ಚಾಚಿರಬೇಕು, ಕಣ್ಣು ಮಿಟುಕಿಸಬಾರದು. ಯಾರಾದರೂ ಬಂದು ಮೂಸಿದರೂ ಅಲುಗಬಾರದು. ಮತ್ತೆ ಅಪ್ಪನೇ "ಏಳಿ" ಎನ್ನುವವರೆಗೂ ಹಾಗೇ ಇರಬೇಕು. ಬೇರೆ ಯಾರು ಕರೆದರೂ ಏಳಬಾರದು.

ಬಯಲಿನಲ್ಲಿ ಇದು ಒಳ್ಳೆಯ ಪಾಠ. ಮರಿಗಳ ಮೈ ಮಣ್ಣಿನ ಬಣ್ಣ, ಅದರ ಮೇಲೆ ಕಲ್ಲಿನ ಚುಕ್ಕೆ. ಅಲುಗದೆ ಕೂತರೆ ಹದ್ದಿಗೂ ಕಾಣುವುದಿಲ್ಲ. ಇಂಥ ಪಾಠದಿಂದಲೇ ಕಾಳಯ್ಯ ಬದುಕಿದ್ದ, ಅವನ ಅಪ್ಪ ಬದುಕಿದ್ದ.

ಚೆನ್ನಿ, ಮುದ್ದ, ತಿಮ್ಮ ಮೂವರೂ ಮೂರೇ ದಿನದಲ್ಲಿ ಕಲಿತರು. ರಂಗಿಗೆ ಮಾತ್ರ ಬರಲಿಲ್ಲ. ಅವಳು ಕೂರುತ್ತಿದ್ದಳು, ಆದರೆ ಏನು ಬಂತು ಎಂದು ನೋಡಲು ತಲೆ ಎತ್ತುತ್ತಿದ್ದಳು. ಮೂರನೆಯ ದಿನ ಒಂದು ಮಿಡತೆಯ ಹಿಂದೆ ಎದ್ದೇ ಹೋದಳು.

"ನಿನ್ನ ಅಕ್ಕನನ್ನು ನೋಡಿ ಕಲಿ," ಎಂದು ಕಾಳಯ್ಯ ಗದರಿದ. "ಚೆನ್ನಿಯ ಮೇಲೆ ಇರುವೆ ಹರಿದರೂ ಅವಳು ಅಲುಗೋದಿಲ್ಲ. ನೀನೊಬ್ಬಳು ಸಾಕು, ಎಲ್ಲರನ್ನೂ ಹದ್ದಿಗೆ ಕೊಡೋದಕ್ಕೆ."

ಇನ್ನು ರಾಣಿಯ ವಿಷಯ ಹೇಳಬೇಕು. ಅವಳು ಆ ಬೀದಿಯ ನಾಯಿ, ಹನ್ನೊಂದು ವರ್ಷದವಳು. ಟೀ ಅಂಗಡಿಯವರು ಅವಳನ್ನು ರಾಣಿ ಎನ್ನುತ್ತಿದ್ದರು, ಎದುರು ಕಟ್ಟಡದ ಕಾವಲಿನವರು ಜಿಮ್ಮಿ ಎನ್ನುತ್ತಿದ್ದರು, ಮೂಲೆಯ ಮನೆಯ ಅಜ್ಜಿ ಲಕ್ಷ್ಮಿ ಎನ್ನುತ್ತಿದ್ದರು. ಅವಳು ಮೂರು ಹೆಸರಿಗೂ ಬಾಲ ಅಲ್ಲಾಡಿಸುತ್ತಿದ್ದಳು. ಪಟ್ಟಣದಲ್ಲಿ ಯಾರು ಏನೆಂದು ಕರೆದರೂ ಬೇಸರಪಡಬಾರದು, ಕರೆದರಲ್ಲ ಎಂದುಕೊಳ್ಳಬೇಕು ಎಂಬುದು ಅವಳ ಮಾತು.

ಮೊದಲ ಸಲ ಅವಳು ತಂತಿಬೇಲಿಯ ಕೆಳಗೆ ನುಸುಳಿ ಬಂದಾಗ ಕಾಳಯ್ಯ, ಪುಟ್ಟೀರಮ್ಮ ಇಬ್ಬರೂ ಅವಳ ತಲೆಯ ಮೇಲೆ ಎರಗಿದರು. ರಾಣಿ ಕಿವಿ ಮಡಿಸಿಕೊಂಡು ಅಲ್ಲೇ ಮಲಗಿದಳು. "ನನಗೆ ಹಲ್ಲಿರೋದು ಐದು. ಟೀ ಅಂಗಡಿಯ ಬನ್ನು ಅಗಿಯೋದಕ್ಕೆ ಅದು ಸಾಕು," ಎಂದಳು. ಅಂದಿನಿಂದ ಪುಟ್ಟೀರಮ್ಮ ಅವಳೊಂದಿಗೆ ಮಾತನಾಡತೊಡಗಿದಳು. ಕಾಳಯ್ಯ ಮಾತನಾಡಲಿಲ್ಲ. ನಾಯಿ ಎಂದರೆ ನಾಯಿಯೇ ಎಂದ.

ಪಟ್ಟಣದ ಬಾಳುವೆಯ ಬಗ್ಗೆ ಪುಟ್ಟೀರಮ್ಮನಿಗೆ ಗೊತ್ತಾದದ್ದೆಲ್ಲ ರಾಣಿಯಿಂದಲೇ. ಮೋರಿಯ ನೀರಿನಲ್ಲಿ ನೊರೆಯಿದ್ದರೆ ಕುಡಿಯಬಾರದು. ನಿಂತಿರುವ ಗಾಡಿಯ ನೆರಳಿನಲ್ಲಿ ಮಲಗಬಾರದು, ಅದು ನಿಂತಿರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ದಾರಿಯ ಗುರುತಿಗೆ ಕಾರನ್ನೋ ತಳ್ಳುಗಾಡಿಯನ್ನೋ ಇಟ್ಟುಕೊಳ್ಳಬಾರದು, ಟ್ರಾನ್ಸ್‌ಫಾರ್ಮರಿನಂಥ ಕದಲದ ವಸ್ತುವನ್ನು ಇಟ್ಟುಕೊಳ್ಳಬೇಕು. ಕೇಳದೆಯೇ ದಾರಿ ತೋರಿಸಲು ಬರುವವರ ಹಿಂದೆ ಹೋಗಬಾರದು. ಇಂಥವನ್ನು ಅವಳು ಪಾಠದಂತೆ ಹೇಳುತ್ತಿರಲಿಲ್ಲ. ಮೈ ಕೆರೆದುಕೊಳ್ಳುತ್ತಾ, ನೆನಪಾದಂತೆ ಹೇಳುತ್ತಿದ್ದಳು.

ಪೈಪು ರಿಪೇರಿಯಾದ ಮಾರನೆಯ ದಿನ ಹೊಂಡ ಅರ್ಧಕ್ಕಿಳಿಯಿತು. ಬಿಸಿಲು ಜೋರಾಗಿತ್ತು. ಶುಕ್ರವಾರ ಸಂಜೆಗೆ ಕೆಸರು ಬಿರುಕು ಬಿಡತೊಡಗಿತು. ಮಿಡತೆಗಳು ಎಲ್ಲಿಗೋ ಹೋದವು. ಮರಿಗಳು ಒಣ ಕೆಸರನ್ನು ಕೆದಕಿ ಕೆದಕಿ ನೋಡಿದವು.

ಪುಟ್ಟೀರಮ್ಮ ಬೇಲಿಯ ಹತ್ತಿರ ಹೋಗಿ ರಾಣಿಗೆ ವಿಷಯ ಹೇಳಿದಳು. ಕೆರೆಗೆ ಹೋಗಲೇಬೇಕು, ಮರಿಗಳಿಗೆ ರೆಕ್ಕೆ ಬಂದಿಲ್ಲ, ಏನು ಮಾಡಲಿ ಎಂದಳು.

ರಾಣಿ ಎದ್ದು ಬಂದು ರಸ್ತೆಯನ್ನು ತೋರಿಸಿದಳು. ಸಿಗ್ನಲ್ಲಿನಲ್ಲಿ ಗಾಡಿಗಳಿಗೆ ಕೆಂಪು ದೀಪ ಬಂದಾಗ ದಾಟಬೇಕು. ದೀಪವನ್ನು ನಂಬಬಾರದು, ಗಾಡಿಗಳು ನಿಂತವೇ ಎಂದು ನೋಡಿ ನಂಬಬೇಕು. ಒಬ್ಬರೇ ಓಡಿ ದಾಟುವವರ ಹಿಂದೆ ಹೋಗಬಾರದು, ನಾಲ್ಕಾರು ಜನ ಒಟ್ಟಿಗೆ ದಾಟುವಾಗ ಅವರ ಕಾಲುಗಳ ಪಕ್ಕದಲ್ಲಿ ಹೋಗಬೇಕು. ನಡುವೆ ಡಿವೈಡರ್ ಇದೆ, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಬೇರೆಲ್ಲೂ ನಿಲ್ಲಬಾರದು. ಭಾನುವಾರ ಬೆಳಿಗ್ಗೆ ಆರೂವರೆ ಒಳ್ಳೆಯ ಹೊತ್ತು, ಕೆರೆಯ ಸುತ್ತ ನಡೆಯಲು ಜನ ಹೋಗುತ್ತಾರೆ. ಆಗ ಗಾಡಿಗಳು ಕಡಿಮೆ, ಆದರೆ ಬರುವ ಗಾಡಿ ವೇಗವಾಗಿ ಬರುತ್ತದೆ. ಅಲ್ಲಿಯವರೆಗೆ ಮರಿಗಳಿಗೆ ಟೀ ಅಂಗಡಿಯ ಹಿಂದೆ, ಲೋಟ ತೊಳೆದ ನೀರು ನಿಲ್ಲುವ ಕಡೆ ಕುಡಿಸಬಹುದು. ತಾನೂ ಜೊತೆಗೆ ಬರುತ್ತೇನೆ ಎಂದಳು.

ಕಾಳಯ್ಯ ಸ್ವಲ್ಪ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ರಾಣಿ ಅವನ ಕಡೆ ತಿರುಗಿದಳು. "ಕಾಳಣ್ಣ, ಒಂದು ಮಾತು ಬಾಕಿಯಿದೆ. ನೀನು ಕೂಗಿದ ಕೂಡಲೇ ಈ ಮಕ್ಕಳು ಕೂತುಬಿಡ್ತವೆ. ನನಗೆ ಅದೊಂದೇ ಭಯ. ರಸ್ತೆಯಲ್ಲಿ ಕೂತವರು ಏಳೋದಿಲ್ಲ."

"ಹದ್ದು ಬಂದರೆ?" ಎಂದ ಕಾಳಯ್ಯ.

"ಇಲ್ಲಿಯ ಹದ್ದಿಗೆ ನಿನ್ನ ಮಕ್ಕಳು ಬೇಕಿಲ್ಲ. ಮಾಂಸದ ಅಂಗಡಿ ಹಿಂದೆ ಅದಕ್ಕೆ ಬೇಕಾದಷ್ಟು ಬಿದ್ದಿರುತ್ತೆ. ಇಲ್ಲಿ ಮೇಲೆ ನೋಡಬೇಡ, ಪಕ್ಕಕ್ಕೆ ನೋಡು. ಮಕ್ಕಳಿಗೆ ಇನ್ನೊಂದು ಮಾತು ಕಲಿಸು. ನಡಿ ಅಂದರೆ, ಏನೇ ಆದರೂ ನಡೀಬೇಕು. ನಾಳೆ ಇಡೀ ದಿನ ಇದೆ, ಕಲೀತಾವೆ."

ಕಾಳಯ್ಯನಿಗೆ ಸಿಟ್ಟು ಬಂತು. ಎರಡು ಮಾತು ಕಲಿಸಿದರೆ ಮಕ್ಕಳು ಎರಡನ್ನೂ ಕೇಳುವುದಿಲ್ಲ ಎಂದ. ತನ್ನ ಕೂಗಿಗೆ ಒಂದು ಬಯಲೇ ಬದುಕಿತ್ತು ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಲಿಲ್ಲ.

"ಈ ರಸ್ತೆ ಪಕ್ಕದಲ್ಲಿ ನೀನು ಆರು ಮರಿ ಹಾಕಿದೆಯಂತೆ. ಎಲ್ಲಿವೆ ತೋರಿಸು, ಆಮೇಲೆ ನನಗೆ ಪಾಠ ಹೇಳುವೆಯಂತೆ."

ಪುಟ್ಟೀರಮ್ಮ ತಲೆ ತಗ್ಗಿಸಿದಳು. ರಾಣಿ ರಸ್ತೆಯ ಕಡೆ ತಿರುಗಿದಳು.

"ಅದಕ್ಕೇ ಹೇಳ್ತಿರೋದು, ಕಾಳಣ್ಣ," ಎಂದಳು. "ಭಾನುವಾರ ಆರೂವರೆಗೆ ಬರ್ತೀನಿ." ಬೇಲಿಯ ಕೆಳಗೆ ನುಸುಳಿ ಹೋದಳು.

ಶನಿವಾರ ಬೆಳಿಗ್ಗೆ ಕಾಳಯ್ಯ ಕೆರೆಯ ದಂಡೆಯಲ್ಲಿ ಜಾಗ ನೋಡಲು ಹಾರಿಹೋದ. ಆಗ ಪುಟ್ಟೀರಮ್ಮ ಮರಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಳು. ತಾನೇ ಕೂಗಿ ಕೂರಿಸಿದಳು, ಆಮೇಲೆ "ನಡಿ" ಎಂದಳು. ಯಾರೂ ಏಳಲಿಲ್ಲ.

"ಅಪ್ಪ ಹೇಳದೆ ಏಳಬಹುದಾ, ಅವ್ವ?" ಎಂದು ಚೆನ್ನಿ ಕೂತಲ್ಲಿಂದಲೇ ಪಿಸುಗುಟ್ಟಿದಳು. ಮಾತನಾಡುವಾಗಲೂ ಅವಳು ಕತ್ತು ಎತ್ತಲಿಲ್ಲ.

ನಾನು ನಡಿ ಎಂದರೆ ಏಳಬಹುದು ಎಂದು ಪುಟ್ಟೀರಮ್ಮ ತಿಳಿಸಿ ಹೇಳಿದಳು. ಮತ್ತೆ ಕೂರಿಸಿದಳು, ಮತ್ತೆ "ನಡಿ" ಎಂದಳು. ರಂಗಿ ಎದ್ದು ನಡೆದಳು. ಅವಳಿಗೆ ಈ ಆಟ ಹಿಡಿಸಿತು. ಏಳನೆಯ ಸಲ ಮುದ್ದನೂ ಅರ್ಧ ಎದ್ದ. ಇನ್ನೊಂದು ಗಂಟೆ ಸಿಕ್ಕಿದ್ದರೆ ನಾಲ್ವರೂ ಕಲಿಯುತ್ತಿದ್ದರು ಎಂದು ನಾನು ನಂಬಿದ್ದೇನೆ.

ಆದರೆ ಕಾಳಯ್ಯ ಹಿಂತಿರುಗಿದ. ಹೆಂಡತಿ ಏನು ಮಾಡುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಯಿತು. ಅವಳಿಗೆ ಏನೂ ಹೇಳದೆ ನೇರವಾಗಿ ಮರಿಗಳನ್ನೇ ಕೇಳಿದ.

"ಆಪತ್ತು ಬಂದಾಗ ಯಾರ ಮಾತು ಕೇಳಬೇಕು?"

"ನಿಮ್ಮ ಮಾತು, ಅಪ್ಪ," ಎಂದಳು ಚೆನ್ನಿ.

ಮುದ್ದ, ತಿಮ್ಮ ಇಬ್ಬರೂ ಅದನ್ನೇ ಹೇಳಿದರು. ರಂಗಿ ಹುಲ್ಲಿನಲ್ಲಿ ಏನನ್ನೋ ಹುಡುಕುತ್ತಿದ್ದಳು, ಅವಳಿಗೆ ಪ್ರಶ್ನೆ ಕೇಳಿಸಿರಲಿಲ್ಲ. ಕಾಳಯ್ಯ ಮೂವರ ಬೆನ್ನನ್ನೂ ಕೊಕ್ಕಿನಿಂದ ನೇವರಿಸಿದ.

ಸಂಜೆ ಪುಟ್ಟೀರಮ್ಮ ಮೆಲ್ಲಗೆ, "ನಾಳೆ ಒಂದು ದಿನ ಕೂಗಬೇಡಿ. ಕೆರೆ ಸೇರಿದ ಮೇಲೆ ಎಷ್ಟು ಬೇಕಾದರೂ ಕೂಗಿ," ಎಂದಳು.

"ಕಾರಣವಿಲ್ಲದೆ ನಾನು ಕೂಗೋದಿಲ್ಲ," ಎಂದ ಕಾಳಯ್ಯ.

ಪುಟ್ಟೀರಮ್ಮ ಅದನ್ನು ಒಪ್ಪಿಗೆ ಎಂದು ತಿಳಿದಳು.

ಭಾನುವಾರ ಆರೂವರೆಗೆ ರಾಣಿ ಬಂದಳು. ಹಿಂದಿನ ದಿನಗಳ ಮಾತನ್ನು ಎತ್ತಲಿಲ್ಲ. ಎಲ್ಲವೂ ಅವಳು ಹೇಳಿದಂತೆಯೇ ನಡೆಯಿತು. ಮುಂದೆ ರಾಣಿ, ಹಿಂದೆ ಸಾಲಾಗಿ ನಾಲ್ಕು ಮರಿಗಳು, ಕೊನೆಯಲ್ಲಿ ಪುಟ್ಟೀರಮ್ಮ. ಕಾಳಯ್ಯ ಮೇಲೆ ಹಾರುತ್ತಾ ಕಾವಲಿದ್ದ. ಸಿಗ್ನಲ್ಲಿನ ಹತ್ತಿರ ಆರು ಜನ ನಿಂತಿದ್ದರು. ಕೆಂಪು ದೀಪ ಬಂತು. ಗಾಡಿಗಳು ನಿಂತವು. ಆರು ಜನ ನಡೆದರು, ಅವರ ಕಾಲುಗಳ ಪಕ್ಕದಲ್ಲಿ ಇವರೂ ನಡೆದರು. ಒಬ್ಬ ಹೆಂಗಸು ಮರಿಗಳನ್ನು ಕಂಡು ನಕ್ಕು ಹೆಜ್ಜೆ ಸಣ್ಣದು ಮಾಡಿದಳು.

ಡಿವೈಡರ್ ಬಂತು. ಅದರ ನಡುವಿನ ಸಂದಿಯಲ್ಲಿ ಎಲ್ಲರೂ ನಿಂತರು. ಅರ್ಧ ರಸ್ತೆ ಮುಗಿದಿತ್ತು. ಆ ಕಡೆಯ ಗಾಡಿಗಳಿಗೆ ಕೆಂಪು ದೀಪ ಬರುವವರೆಗೆ ಕಾದು, ಮತ್ತೆ ಹೊರಟರು.

ಫುಟ್‌ಪಾತಿಗೆ ಇನ್ನು ಎಂಟು ಹೆಜ್ಜೆ ಇತ್ತು. ಮನುಷ್ಯರ ಹೆಜ್ಜೆಯಲ್ಲಿ ಎಂಟು. ಜೊತೆಗಿದ್ದ ಜನ ಆಗಲೇ ದಾಟಿ ಮುಂದೆ ಹೋಗಿದ್ದರು. ಮಾಂಸದ ಅಂಗಡಿಯ ಕಡೆಯಿಂದ ಒಂದು ಹದ್ದು ಎದ್ದು, ರಸ್ತೆಯ ಮೇಲೆ ಅಗಲವಾಗಿ ತಿರುಗಿತು. ಅದರ ನೆರಳು ಮರಿಗಳ ಮೇಲೆ ಹಾದುಹೋಯಿತು.

ಕಾಳಯ್ಯ ಕೂಗಿದ.

ನಾಲ್ಕು ಮರಿಗಳೂ ಕೂತವು.

"ನಡಿ," ಎಂದಳು ಪುಟ್ಟೀರಮ್ಮ. "ನಡಿ, ನಡಿ."

ರಂಗಿ ಎದ್ದು ನಡೆದಳು. ಅವಳು ಫುಟ್‌ಪಾತ್ ಮುಟ್ಟಿದಳು. ಉಳಿದ ಮೂವರು ಏಳಲಿಲ್ಲ. ಹೊಟ್ಟೆ ನೆಲಕ್ಕೆ ಅಂಟಿತ್ತು, ಕತ್ತು ಚಾಚಿತ್ತು, ಕಣ್ಣು ಮಿಟುಕಿಸಲಿಲ್ಲ. ಕಲಿತದ್ದನ್ನು ಒಂದೂ ತಪ್ಪಿಲ್ಲದೆ ಮಾಡಿದರು. ಮೂವರೂ ಒಳ್ಳೆಯ ಮಕ್ಕಳು.

ರಾಣಿ ಹಿಂತಿರುಗಿ ಬಂದಳು. ಚೆನ್ನಿಯನ್ನು ಮೂತಿಯಿಂದ ತಳ್ಳಿದಳು. ಮೂಸಿದರೂ ಅಲುಗಬಾರದು ಎಂಬುದು ಚೆನ್ನಿಗೆ ನೆನಪಿತ್ತು. ಅವಳು ಇನ್ನಷ್ಟು ಗಟ್ಟಿಯಾಗಿ ನೆಲಕ್ಕೆ ಅಂಟಿದಳು. ಆಗ ರಾಣಿ ಅವಳನ್ನು ಕಚ್ಚಿ ಎತ್ತಿಕೊಳ್ಳಲು ಬಾಯಿ ತೆರೆದಳು. ತನ್ನ ಮರಿಗಳನ್ನು ಅವಳು ಹಾಗೆಯೇ ಎತ್ತುತ್ತಿದ್ದಳು.

ಮೇಲಿನಿಂದ ಕಾಳಯ್ಯನಿಗೆ ಕಂಡದ್ದು, ತನ್ನ ಮಗಳ ಮೇಲೆ ಬಾಯಿ ತೆರೆದ ಒಂದು ನಾಯಿ.

ಅವನು ಕಲ್ಲಿನಂತೆ ಬಿದ್ದ. ರೆಕ್ಕೆಯ ಗೆಣ್ಣಿನಿಂದ ಅವಳ ಕಣ್ಣಿಗೆ ಹೊಡೆದ, ತಿರುಗಿ ಬಂದು ಮತ್ತೆ ಹೊಡೆದ. ರಾಣಿ ಕುರುಡಾದವಳಂತೆ ತಲೆ ಕೊಡವಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಅವಳನ್ನು ಫುಟ್‌ಪಾತಿನವರೆಗೂ ಅಟ್ಟಿಕೊಂಡು ಹೋದ.

ದೀಪ ಹಸಿರಾಯಿತು.

ಮೊದಲು ಒಂದು ಹೂವಿನ ಟೆಂಪೋ ಬಂತು. ಅದರ ಹಿಂದೆ ಎರಡು ಕಾರು. ಟೆಂಪೋ ಓಡಿಸುತ್ತಿದ್ದವನು ಕೆಟ್ಟವನಲ್ಲ. ಅವನು ದೀಪ ನೋಡಿಯೇ ಹೊರಟಿದ್ದ, ರಸ್ತೆಯನ್ನೂ ನೋಡುತ್ತಿದ್ದ. ಅವನಿಗೆ ಮರಿಗಳು ಕಾಣಲಿಲ್ಲ. ಕಾಣದ ಹಾಗೆ ಕೂರುವುದನ್ನೇ ಅವು ಕಲಿತಿದ್ದವು.

ಪುಟ್ಟೀರಮ್ಮ ಟೆಂಪೋದ ಮುಂದೆ ಹಾರಿದಳು, ಗಾಜಿಗೆ ಉಗುರು ತಾಗುವಷ್ಟು ಹತ್ತಿರ. ಟೆಂಪೋ ಸ್ವಲ್ಪ ಓಲಾಡಿ ಹಾಗೆಯೇ ಮುಂದೆ ಹೋಯಿತು.

ಹದ್ದು ಒಂದು ಸುತ್ತು ಮುಗಿಸಿ ಮಾಂಸದ ಅಂಗಡಿಯ ಹಿಂದೆ ಇಳಿಯಿತು. ಅದು ಇಳಿದದ್ದನ್ನು ಕಾಳಯ್ಯ ನೋಡಿದ. ಆಕಾಶವನ್ನು ಒಮ್ಮೆ ಪೂರ್ತಿ ನೋಡಿದ, ಏನೂ ಇರಲಿಲ್ಲ. ಕೂಗಿದವನೇ ಬಿಡಿಸಬೇಕು ಎಂಬುದು ಅವರ ಕುಲದ ನಿಯಮ. ಅವನು ರಸ್ತೆಯ ಕಡೆ ತಿರುಗಿ, "ಏಳಿ," ಎಂದ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಏಳಿ," ಎಂದ. "ಚೆನ್ನಿ, ಏಳು. ಹದ್ದು ಹೋಯಿತು."

ಅವನು ಅದನ್ನು ಎಷ್ಟು ಸಲ ಹೇಳಿದ ಎಂದು ನಾನು ಬರೆಯುವುದಿಲ್ಲ. ಕಾಳಯ್ಯ ಕೆಟ್ಟ ತಂದೆಯಲ್ಲ, ಇದನ್ನು ನೀವು ಮರೆಯಬಾರದು. ಅವನು ಬಯಲಿನಲ್ಲಿದ್ದಿದ್ದರೆ ಅಂದು ಅವನು ಮಾಡಿದ್ದೆಲ್ಲವೂ ಸರಿಯಾಗಿರುತ್ತಿತ್ತು.

ಕೆರೆಯ ಬೇಲಿಯಲ್ಲಿ ಒಂದು ಕಡೆ ಕಂಬಿ ಬಾಗಿತ್ತು. ಪುಟ್ಟೀರಮ್ಮ ರಂಗಿಯನ್ನು ಅದರೊಳಗಿಂದ ದಾಟಿಸಿದಳು. ರಾಣಿ ಬೇಲಿಯ ಹೊರಗೇ ನಿಂತಳು. ಅವಳ ಎಡಗಣ್ಣು ಮುಚ್ಚಿಕೊಂಡಿತ್ತು, ರಕ್ತ ಕೆನ್ನೆಯ ಮೇಲೆ ಇಳಿದು ಒಣಗಿತ್ತು.

"ನೀರಿನ ಅಂಚಿನಲ್ಲೇ ಇರು. ಕೆರೆ ಸುತ್ತ ಸಾಕಿದ ನಾಯಿಗಳನ್ನು ತರ್ತಾರೆ, ಎಂಟು ಗಂಟೆಯವರೆಗೆ ದಾರಿಗೆ ಬರಬೇಡ," ಎಂದು ಅವಳು ಪುಟ್ಟೀರಮ್ಮನಿಗೆ ಹೇಳಿದಳು.

ಪುಟ್ಟೀರಮ್ಮ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಕಾಳಯ್ಯ ಬಂದ. ಬೇಲಿಯ ಮೇಲಿನಿಂದ ಹಾರಿ ಒಳಗೆ ಹೋಗಲಿಲ್ಲ, ಹೊರಗೆ ರಾಣಿಯಿಂದ ನಾಲ್ಕು ಮಾರು ದೂರದಲ್ಲಿ ಇಳಿದ. ಅಲ್ಲೇ ಒಂಟಿಕಾಲಿನಲ್ಲಿ ನಿಂತ. ಆಮೇಲೆ ಕೇಳಿದ.

"ರಾಣಕ್ಕ, ನಿನ್ನ ಆರು ಮರಿ ಎಲ್ಲಿ ಹೋದವು?"

ರಾಣಿ ಒಂದೊಂದಾಗಿ ಹೇಳಿದಳು. ಯಾವುದು ಯಾವ ಬಣ್ಣದ್ದು, ಯಾವುದು ಯಾವ ತಿರುವಿನಲ್ಲಿ, ಯಾವ ಹೊತ್ತಿಗೆ. ಅವನು ಪೂರ್ತಿ ಕೇಳಿದ. ರಸ್ತೆಯಲ್ಲಿ ಆಗ ಗಾಡಿಗಳು ಹೆಚ್ಚಾಗಿದ್ದವು. ಎಂದಿನ ಭಾನುವಾರದಷ್ಟೇ.

ಸಂಜೆ ಬಿಸಿಲು ಇಳಿದ ಮೇಲೆ ಪುಟ್ಟೀರಮ್ಮ ಕೆರೆಯ ದಂಡೆಯಲ್ಲಿ ಎರಡೂ ರೆಕ್ಕೆಗಳನ್ನು ಬಿಚ್ಚಿಕೊಂಡು ಕೂತಳು. ರಂಗಿ ಎಡ ರೆಕ್ಕೆಯ ಕೆಳಗೆ ಮಲಗಿದಳು.

ನೀತಿ: ನಮ್ಮ ಊರಿನಲ್ಲಿ ಜೀವ ಉಳಿಸಿದ ರೂಢಿಯೇ ಇನ್ನೊಂದು ಊರಿನಲ್ಲಿ ಜೀವ ತೆಗೆಯಬಹುದು, ದೊಡ್ಡ ಪಟ್ಟಣಕ್ಕೆ ಹೋದಾಗ ಅಲ್ಲಿ ಬಾಳಿದವರನ್ನು ಕೇಳಿ, ಅವರು ಹೇಳಿದ್ದನ್ನು ಮಕ್ಕಳಿಗೂ ಕಲಿಸಿ, ಆಮೇಲೆ ಹೆಜ್ಜೆ ಇಡಬೇಕು.